ಮೀನು ಶುಚಿ ಮಾಡಲು ಮೆಟ್ಟುಕತ್ತಿಯೋ ಯಂತ್ರವೋ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಿಂದ ತುಸು ದೂರದಲ್ಲಿ, ರಸ್ತೆ ಬದಿಯ ತಗಡಿನ ಮಾಡಿನ ಕೆಳಗೆ ಕುಳಿತು, ಗಿರಾಕಿಗಳು ಕೊಂಡು ತಂದ ಮೀನನ್ನು ಶುಚಿ ಮಾಡಿ, ಗಸಿಗೋ ಹುರಿಯುವುದಕ್ಕೋ ಬೇಕಾದ ಹಾಗೆ ತುಂಡರಿಸಿ ಕೊಡುವ ಕೆಲಸವನ್ನು ನಾನು 19 ವರ್ಷಗಳಿಂದ ಮಾಡುತ್ತಿದ್ದೇನೆ. ನಾವು ಬೂತಾಯಿ ಎನ್ನುವುದನ್ನು ಮಲಯಾಳ ಮಾತನಾಡುವವರು ಮತ್ತಿ ಎನ್ನುತ್ತಾರೆ, ಅಂಜಲನ್ನು ಅಯಕೂರ ಎನ್ನುತ್ತಾರೆ. ಹೆಸರು ಯಾವುದಾದರೂ ಎಲ್ಲರಿಗೂ ಬೇಕಾದದ್ದು ಒಂದೇ, ಮನೆಗೆ ಕೊಂಡುಹೋದ ಮೇಲೆ ಒಮ್ಮೆ ತೊಳೆದು ನೇರವಾಗಿ ಪಾತ್ರೆಗೆ ಹಾಕುವಂತಹ ಮೀನು. ಅತ್ತೆಯವರಿಂದ ಬಂದ ಮೆಟ್ಟುಕತ್ತಿ, ಒಂದು ತೆಳು ಚೂರಿ, ಹುಣಸೆಮರದ ಕೊರಡು ಮತ್ತು ಅದರ ಮೇಲೆ ಕಡಿಯುವ ದಪ್ಪ ಕತ್ತಿ, ಇಷ್ಟರಲ್ಲೇ ಮೊದಲ 15 ವರ್ಷ ಕಳೆಯಿತು.

ಯಂತ್ರಗಳ ಕಡೆ ಮನಸ್ಸು ಹೋದದ್ದು ಮೈನೋವಿನ ಕಾರಣದಿಂದ. ನೆಲದ ಮೇಲೆ ಕುಳಿತು ಮಂಡಿ ಸೋತಿತ್ತು, ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ರಾತ್ರಿ ಜೋಮು ಹಿಡಿದು ನಿದ್ದೆ ಕೆಡಿಸುತ್ತಿದ್ದವು. ನೆಲದಲ್ಲಿ ಕೂರುವುದನ್ನೂ ಹಿಡಿಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದನ್ನೂ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು. ಆಗ ನಾನು ಹುರುಪೆ ತೆಗೆಯುವ ಬ್ಯಾಟರಿ ಯಂತ್ರವನ್ನು ತರಿಸಿದೆ, ಆಮೇಲೆ ವಿದ್ಯುತ್ ಚೂರಿಯೂ ಬಂತು. ಈ ನಾಲ್ಕು ವರ್ಷಗಳಲ್ಲಿ ಇವೆರಡನ್ನೂ ಹಳೆಯ ಕತ್ತಿಗಳ ಜೊತೆಯಲ್ಲೇ ಬಳಸಿ ನೋಡಿದ ಮೇಲೆ, ಯಾವುದು ಯಾವ ಮೀನಿಗೆ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಮೊದಲು ಮೆಟ್ಟುಕತ್ತಿಯ ವಿಷಯ ಹೇಳಬೇಕು, ಏಕೆಂದರೆ ಯಂತ್ರ ಕೈಗೆ ಬರುವವರೆಗೆ ಅದರ ನಿಜವಾದ ಗುಣ ನನಗೇ ತಿಳಿದಿರಲಿಲ್ಲ. ಹಲಸಿನ ಹಲಗೆಗೆ ಬಾಗಿದ ಅಲಗನ್ನು ನೆಟ್ಟು, ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಬಾಯಿಯನ್ನು ನಮ್ಮ ಕಡೆ ಮಾಡಿಕೊಂಡು ಕೂರುವುದು ಎಲ್ಲರಿಗೂ ಗೊತ್ತು. ನನ್ನದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಬಡಿದು ಮಾಡಿದ ಅಲಗು. ಅತ್ತೆ ಮತ್ತು ನಾನು ಮಸೆದು ಮಸೆದು ಅದರ ಅಗಲ ಎರಡು ಬೆರಳಿನಷ್ಟು ಸವೆದಿದೆ. ಇಲ್ಲಿ ಕತ್ತಿ ಅಲುಗಾಡುವುದಿಲ್ಲ, ಮೀನು ಅಲುಗಾಡುತ್ತದೆ. ಆದ್ದರಿಂದ ಎರಡು ಕೈಗಳೂ ಮೀನಿನ ಮೇಲಿರುತ್ತವೆ, ಬಲ ಬೀಳುವುದು ನಮ್ಮ ಮೈಯಿಂದ ಆಚೆಗೆ. ಲೋಳೆಯಿಂದ ಜಾರುವ ವಸ್ತುವನ್ನು ಹಿಡಿಯುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಯಂತ್ರವಾಗಲಿ ಸಾಮಾನ್ಯ ಚೂರಿಯಾಗಲಿ ಒಂದು ಕೈಯನ್ನು ತಾನೇ ತೆಗೆದುಕೊಳ್ಳುತ್ತದೆ, ಮೀನಿಗೆ ಉಳಿಯುವುದು ಒಂದೇ ಕೈ.

ಬೂತಾಯಿಯನ್ನೇ ನೋಡಿ. ಕಿಲೋಗೆ 20ರಿಂದ 25 ಮೀನು ತೂಗುವ ಹದದ ಬೂತಾಯಿಯ ಹುರುಪೆ ಎಷ್ಟು ಸಡಿಲವೆಂದರೆ, ನೀರಿನಲ್ಲಿ ಹಾಕಿ ಬಾಲದಿಂದ ತಲೆಯ ಕಡೆಗೆ ಹೆಬ್ಬೆರಳಿನಿಂದ ಸವರಿದರೆ ಸಾಕು, ಬಿಟ್ಟುಬರುತ್ತದೆ. ಅನಂತರ ತಲೆಯ ಹಿಂದೆ ಅಲಗಿಗೆ ಓರೆಯಾಗಿ ಒತ್ತಿ, ನಡುಮುಳ್ಳು ಕಡಿದ ಸದ್ದು ಬೆರಳಿಗೆ ತಿಳಿದ ಕೂಡಲೇ ಕೈ ತಡೆದು, ಪೂರ್ತಿ ತುಂಡಾಗಲು ಬಿಡದೆ ತಲೆಯನ್ನು ಹೊಟ್ಟೆಯ ಕಡೆಗೆ ಎಳೆಯಬೇಕು. ಆಗ ಕಿವಿರು, ಕರುಳು, ಪಿತ್ತಕೋಶ ಎಲ್ಲವೂ ತಲೆಯ ಜೊತೆಯಲ್ಲೇ ಸರದಂತೆ ಹೊರಬರುತ್ತವೆ. ಉಳಿದ ಹೊಟ್ಟೆಯಂಚನ್ನು ಅಲಗಿನ ಮೇಲೆ ಒಮ್ಮೆ ಓಡಿಸಿದರೆ ಚೂಪಾದ ಪಟ್ಟಿ ಹೋಗುತ್ತದೆ, ಒಳಗಿನ ಕಪ್ಪು ಪೊರೆಯನ್ನೂ ನಡುಮುಳ್ಳಿನ ಅಡಿಯ ರಕ್ತದ ಗೆರೆಯನ್ನೂ ಉಗುರಿನಿಂದ ಕೆರೆದರೆ ಮುಗಿಯಿತು. ಆ ರಕ್ತದ ಗೆರೆ ಉಳಿದರೆ ಗಸಿಗೆ ಕಮಟು ವಾಸನೆ ಬರುತ್ತದೆ. ಒಂದು ಕಿಲೋ ಮುಗಿಸಲು ನನಗೆ ಏಳೆಂಟು ನಿಮಿಷ ಸಾಕು, ಮತ್ತು ಈ ಕೆಲಸದ ಒಂದೇ ಒಂದು ಹಂತವನ್ನೂ ಯಾವ ಯಂತ್ರವೂ ನನಗೆ ಹಗುರ ಮಾಡಿಕೊಟ್ಟಿಲ್ಲ.

ಹುರುಪೆ ತೆಗೆಯುವ ಯಂತ್ರ ನೋಡಲು ಟಾರ್ಚಿನಷ್ಟಿದೆ. ತುದಿಯಲ್ಲಿ ಹಲ್ಲುಗಳಿರುವ ಒಂದು ಉರುಳೆ, ಅದರ ಮೇಲೆ ಹುರುಪೆ ಹಾರದಂತೆ ಪ್ಲಾಸ್ಟಿಕ್ಕಿನ ಮುಚ್ಚಳ, ಹಿಡಿಯೊಳಗೆ ಲಿಥಿಯಂ ಬ್ಯಾಟರಿ. ಗುಂಡಿ ಒತ್ತಿದರೆ ಉರುಳೆ ತಿರುಗುತ್ತದೆ, ಬಾಲದಿಂದ ತಲೆಯ ಕಡೆಗೆ ಎಳೆದುಕೊಂಡು ಹೋಗಬೇಕು. ಮೊದಲ ದಿನ ಅದನ್ನು ಬಂಗುಡೆಯ ಮೇಲೆ ಓಡಿಸಿ ದೊಡ್ಡ ತಪ್ಪು ಮಾಡಿದೆ. ಬಂಗುಡೆಯ ಹುರುಪೆ ಬಲು ಸಣ್ಣದು, ಚರ್ಮ ತೆಳು. ಉರುಳೆ ಹಾದುಹೋದಲ್ಲೆಲ್ಲ ಬೆಳ್ಳಿ ಬಣ್ಣ ಮಾಸಿ, ಬೆನ್ನಿನ ಹಸಿರು ಪಟ್ಟೆಗಳ ನಡುವೆ ಚರ್ಮ ಅಲ್ಲಲ್ಲಿ ಸುಲಿದು, ಕೆಂಪು ಮಾಂಸ ಕಾಣತೊಡಗಿತು. ಅದನ್ನು ಒಯ್ದ ಗಿರಾಕಿ ಮರುದಿನ ಬಂದು, “ಅಕ್ಕಾ, ಮಸಾಲೆಯೆಲ್ಲ ಕಾವಲಿಗೇ ಹಿಡಿಯಿತು, ಇನ್ನು ಮಿಷನ್ ಬೇಡ, ನೀವು ಕೈಯಲ್ಲೇ ಮಾಡಿಕೊಡಿ” ಎಂದರು. ಅವರ ಮಾತು ಸರಿಯಾಗಿತ್ತು. ಹುರಿಯುವ ಮೀನಿಗೆ ಚರ್ಮವೇ ಕವಚ. ಅದು ಹರಿದರೆ ಒಳಗಿನ ನೀರು ಹೊರಗೆ ಬಂದು ತುಂಡು ಕಾವಲಿಗೆ ಅಂಟಿಕೊಳ್ಳುತ್ತದೆ.

ಆದರೆ ಅದೇ ಯಂತ್ರ ಮಳೆಗಾಲದಲ್ಲಿ ತನ್ನ ಬೆಲೆ ತೋರಿಸಿತು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಯಂತ್ರದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧವಿರುವುದರಿಂದ ಕಡಲ ಮೀನು ಕಡಿಮೆಯಾಗಿ, ಐಸಿನ ಪೆಟ್ಟಿಗೆಗಳಲ್ಲಿ ಸಾಕುಮೀನು ಪೇಟೆಗೆ ಬರುತ್ತದೆ. ಮೂರು ನಾಲ್ಕು ಕಿಲೋ ತೂಗುವ ಕಾಟ್ಲಾ, ರೋಹು. ಅವುಗಳ ಹುರುಪೆ ರೂಪಾಯಿ ನಾಣ್ಯದಷ್ಟು ಅಗಲ, ಗಟ್ಟಿ. ಮೊದಲೆಲ್ಲ ಮರದ ತುಂಡಿಗೆ ಸೋಡಾ ಮುಚ್ಚಳ ಮೊಳೆಹೊಡೆದು ಮಾಡಿದ ಕೆರೆಪಿನಿಂದಲೋ ಕತ್ತಿಯ ಬೆನ್ನಿನಿಂದಲೋ ಕೆರೆಯುತ್ತಿದ್ದೆ. ಹುರುಪೆ ಕೂದಲಿಗೂ ಗೋಡೆಗೂ ಹಾರಿ ಅಂಟುತ್ತಿತ್ತು, ಒಂದು ಕಾಟ್ಲಾ ಮುಗಿಯುವಷ್ಟರಲ್ಲಿ ಮಣಿಗಂಟು ಸೋಲುತ್ತಿತ್ತು. ಎಂಟು ನಿಮಿಷ ಹಿಡಿಯುತ್ತಿದ್ದ ಆ ಕೆಲಸ ಯಂತ್ರದಲ್ಲಿ ಮೂರು ನಿಮಿಷಕ್ಕೆ ಇಳಿಯಿತು, ಚರ್ಮಕ್ಕೆ ಏನೂ ಆಗಲಿಲ್ಲ, ಹುರುಪೆಯೆಲ್ಲ ಮುಚ್ಚಳದೊಳಗೇ ಉಳಿಯಿತು. ಕೆಂಬೇರಿ ಎಂಬ ಕೆಂಪು ಕಡಲಮೀನಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಕಿವಿರಿನ ಹಿಂದೆ, ಈಜುರೆಕ್ಕೆಗಳ ಬುಡದಲ್ಲಿ, ಹೊಟ್ಟೆಯ ಅಡಿಯಲ್ಲಿ ಮಾತ್ರ ಉರುಳೆ ಸರಿಯಾಗಿ ತಾಗುವುದಿಲ್ಲ. ಅಲ್ಲಿ ಚೂರಿಯ ತುದಿಯೇ ಬೇಕು.

ಕರಿಮೀನಿನದ್ದು ಬೇರೆ ಕಥೆ. 2010ರಲ್ಲಿ ಕೇರಳದ ರಾಜ್ಯ ಮೀನೆಂದು ಘೋಷಣೆಯಾದ ಈ ಮೀನಿನ ಹುರುಪೆ ಚರ್ಮಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಬೆನ್ನಿನ ಉದ್ದಕ್ಕೂ ಗಟ್ಟಿ ಮುಳ್ಳುಗಳ ಸಾಲು. ಮುಳ್ಳು ಕತ್ತರಿಸದೆ ಯಂತ್ರ ಹಿಡಿದರೆ ಅದು ಉರುಳೆಗೆ ಸಿಕ್ಕಿ, ಮೀನು ಕೈಯಿಂದ ಹಾರಿ, ಅಂಗೈಗೆ ಮುಳ್ಳು ಚುಚ್ಚುತ್ತದೆ. ನನಗೆ ಎರಡು ಸಲ ಹಾಗಾಗಿದೆ. ಈಗ ಮೊದಲು ಕತ್ತರಿಯಿಂದ ಎಲ್ಲ ಮುಳ್ಳುಗಳನ್ನೂ ತೆಗೆದು, ಕಲ್ಲುಪ್ಪು ಮತ್ತು ಬೂದಿ ಹಾಕಿ ಲೋಳೆ ತಿಕ್ಕಿ, ಅನಂತರ ಯಂತ್ರ ಹಿಡಿಯುತ್ತೇನೆ. ಎರಡೋ ಮೂರೋ ಮೀನು ಮಾತ್ರ ಇದ್ದರೆ ಗೆರಟೆಯ ಅಂಚಿನಿಂದ ಕೆರೆಯುವುದೇ ಬೇಗ. ಹುರುಪೆಯೇ ಇಲ್ಲದ ತೇಡೆಗೆ, ತಲೆಯ ಬಳಿ ಗೀರಿ ಚರ್ಮವನ್ನು ಒಮ್ಮೆಗೇ ಸುಲಿಯುವ ನಂಗಿಗೆ, ಬೊಂಡಾಸಿಗೆ (ಸ್ಕ್ವಿಡ್) ಈ ಯಂತ್ರದ ಕೆಲಸವೇ ಇಲ್ಲ. ತೇಡೆಯ ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳುಗಳಲ್ಲಿ ನಂಜಿರುತ್ತದೆ. ಚುಚ್ಚಿದರೆ ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟುಕೊಂಡರೆ ನೋವು ತಗ್ಗುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು.

ವಿದ್ಯುತ್ ಚೂರಿ ಮೊದಲು ಬಂದದ್ದು ಅಮೆರಿಕದಲ್ಲಿರುವ ಅಣ್ಣನ ಮಗನ ಕೈಯಿಂದ. ಅಲ್ಲಿಯ ಮನೆಗಳ ವಿದ್ಯುತ್ 120 ವೋಲ್ಟ್, ನಮ್ಮದು 230. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಹಾಕಿದರೆ ಸಾಕೆಂದು ನಾನು ತಿಳಿದೆ. ಅದು ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನು ಇಳಿಸುವುದಿಲ್ಲ. ಚೂರಿ ಕೆಲವೇ ಕ್ಷಣ ಕಿರುಚಿದಂತೆ ಓಡಿ, ಸುಟ್ಟ ವಾಸನೆ ಬಿಟ್ಟು, ನಿಂತೇಹೋಯಿತು. ಹೊರದೇಶದಿಂದ ಇಂತಹ ಸಾಮಾನು ತರಿಸುವವರು ಅದರ ಅಡಿಯಲ್ಲಿ ಬರೆದಿರುವ ವೋಲ್ಟೇಜನ್ನು ಓದದೆ ಪ್ಲಗ್ ಹಾಕಬಾರದು. ಆಮೇಲೆ ನಾನು ಕೊಂಡದ್ದು ಚಾರ್ಜ್ ಮಾಡುವಂಥದ್ದು. ನೀರೂ ಉಪ್ಪೂ ತುಂಬಿದ ಜಾಗದಲ್ಲಿ ತಂತಿ ಎಳೆದುಕೊಂಡು ಕೆಲಸ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಚಾರ್ಜರ್ ಹಾಕುವ ಪಾಯಿಂಟಿಗೂ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಸ್ವಿಚ್ ಹಾಕಿಸಿದ್ದೇನೆ.

ಈ ಚೂರಿಯಲ್ಲಿ ಹಲ್ಲಿರುವ ಎರಡು ಅಲಗುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತು, ಒಂದು ಮುಂದಕ್ಕೆ ಹೋದಾಗ ಇನ್ನೊಂದು ಹಿಂದಕ್ಕೆ ಬರುತ್ತದೆ. ಒತ್ತಬಾರದು, ಹಲ್ಲುಗಳನ್ನು ಅವುಗಳ ಪಾಡಿಗೆ ಬಿಟ್ಟು ಕೈಯಿಂದ ದಾರಿ ತೋರಿಸಿದರೆ ಸಾಕು. ಮುಳ್ಳಿಲ್ಲದ ಮಾಂಸದ ಹಾಳೆ ತೆಗೆಯುವುದಕ್ಕೆ ಇದನ್ನು ಮಾಡಿದ್ದಾರೆ, ಆ ಕೆಲಸದಲ್ಲಿ ಅದರ ವೇಗ ನಿಜ. ಆದರೆ ನಮ್ಮ ಅಡುಗೆಮನೆಗಳಲ್ಲಿ ಆ ಬೇಡಿಕೆಯೇ ಕಡಿಮೆ. ಗಸಿಗೆ ರುಚಿ ಕೊಡುವುದೇ ಮುಳ್ಳು ಮತ್ತು ತಲೆ. ಸಣ್ಣ ಮಕ್ಕಳಿರುವ ಮನೆಯವರು ಮತ್ತು ಔತಣಕ್ಕೆ ಕೊಂಡೊಯ್ಯುವವರು ಮಾತ್ರ ಮುಳ್ಳಿಲ್ಲದ ಮಾಂಸ ಕೇಳುತ್ತಾರೆ. ಒಂದು ವಾರ ಹೆಚ್ಚುಕಡಿಮೆ ಒಂದೇ ತೂಕದ, ಎರಡು ಕಿಲೋದ ಕೆಂಬೇರಿಗಳನ್ನು ಆರಿಸಿ ತೂಗಿ ನೋಡಿದೆ: ತೆಳು ಚೂರಿಯಿಂದ ಸುಮಾರು 860 ಗ್ರಾಂ ಮಾಂಸ ಸಿಕ್ಕಿದರೆ ವಿದ್ಯುತ್ ಚೂರಿಯಿಂದ 790ರ ಆಸುಪಾಸು. ತೆಳು ಚೂರಿ ಮುಳ್ಳನ್ನು ತಾಗಿದಾಗ ಟಿಕ್ ಟಿಕ್ ಎಂದು ಬೆರಳಿಗೆ ಹೇಳುತ್ತದೆ, ಕೈ ಅದಕ್ಕೆ ತಕ್ಕಂತೆ ಓರೆಯಾಗುತ್ತದೆ. ಯಂತ್ರದ ನಡುಕದಲ್ಲಿ ಆ ಸುಳಿವು ಮುಳುಗಿಹೋಗುತ್ತದೆ, ಪಕ್ಕೆಯ ಮುಳ್ಳೂ ಮಾಂಸವೂ ಒಟ್ಟಿಗೇ ಕೊಯ್ದುಹೋಗುತ್ತವೆ. ಒಂದು ದಿನ ಅಲಗು ಪಕ್ಕೆಯನ್ನು ದಾಟಿ ಹೊಟ್ಟೆಯೊಳಗೆ ಇಳಿದು ಪಿತ್ತಕೋಶ ಒಡೆಯಿತು. ಹಸಿರು ಕಲೆಯನ್ನು ಎಷ್ಟು ತೊಳೆದರೂ ಕಹಿ ಪೂರ್ತಿ ಹೋಗುವುದಿಲ್ಲವಾದ್ದರಿಂದ ಅಂಗೈಯಗಲದ ಮಾಂಸವನ್ನೇ ಕತ್ತರಿಸಿ ಎಸೆದು, ಗಿರಾಕಿಗೆ ಅದರ ಬೆಲೆ ಕೊಟ್ಟೆ. ಅಂಜಲನ್ನು ದುಂಡು ತುಂಡು ಮಾಡುವಲ್ಲಿ ಅದು ನಡುಮುಳ್ಳಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಹುಣಸೆಯ ಕೊರಡಿನ ಮೇಲೆ ಮೀನಿಟ್ಟು, ಮುಳ್ಳಿನ ಎರಡು ಗೆಣ್ಣುಗಳ ನಡುವೆ ದಪ್ಪ ಕತ್ತಿಯನ್ನು ಕೂರಿಸಿ, ಮರದ ಕೊಡತಿಯಿಂದ ಒಂದು ಪೆಟ್ಟು ಕೊಟ್ಟರೆ ತುಂಡು ನಯವಾಗಿ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಜೋಮು ತಪ್ಪಿಸಲು ಯಂತ್ರ ಕೊಂಡೆನೋ ಆ ಜೋಮು ಅದರ ನಡುಕದಿಂದ ಹೆಚ್ಚಾಯಿತು.

ತೊಳೆಯುವ ವಿಷಯದಲ್ಲೂ ವ್ಯತ್ಯಾಸ ದೊಡ್ಡದು. ಕಬ್ಬಿಣದ ಅಲಗನ್ನು ಬಿಸಿನೀರಿನಿಂದ ತೊಳೆದು, ಒರಸಿ, ತೆಂಗಿನೆಣ್ಣೆ ಸವರಿದರೆ ಕಡಲ ಗಾಳಿಯಲ್ಲೂ ತುಕ್ಕು ಹಿಡಿಯದೆ ಇರುತ್ತದೆ, ಬೆಳಿಗ್ಗೆ ಸಾಣೆಕಲ್ಲಿಗೆ ನಾಲ್ಕು ಸಲ ಹಿಡಿದರೆ ಹರಿತ. ಉರುಳೆಯ ಸಂದಿಗಳಲ್ಲಿ, ಜೋಡಿ ಅಲಗುಗಳ ನಡುವೆ ಮೀನಿನ ಚೂರು ಸೇರಿಕೊಂಡರೆ ಪ್ರತಿದಿನ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಒಂದು ದಿನ ಮರೆತರೆ ಇರುವೆಯೂ ನಾತವೂ. ಯಂತ್ರದ ಮೇಲೆ ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ, ಆದರೆ ಆ ಪರೀಕ್ಷೆ ಸಿಹಿನೀರಿನದು. ಉಪ್ಪುನೀರು ನನ್ನ ಮೊದಲ ಯಂತ್ರದ ಚಾರ್ಜ್ ಮಾಡುವ ತುದಿಯನ್ನು ಒಂದೇ ಮಳೆಗಾಲದಲ್ಲಿ ತಿಂದುಹಾಕಿತು. ವಿದ್ಯುತ್ ಚೂರಿಯ ಹಲ್ಲು ಮೊಂಡಾದರೆ ಮನೆಯಲ್ಲಿ ಮಸೆಯಲಾಗದು, ಹೊಸ ಜೋಡಿಯನ್ನೇ ತರಿಸಬೇಕು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕೆನಿಸುತ್ತದೆ. ಕೆಲಸದ ನಡುವೆ ಬ್ಯಾಟರಿ ಮುಗಿದರೆ ಮತ್ತೆ ಚಾರ್ಜ್ ಆಗುವವರೆಗೆ ಮೀನನ್ನು ಹೊರಗೆ ಇಟ್ಟುಕೊಂಡು ಕಾಯುವುದು ಸರಿಯಲ್ಲ. ಬಂಗುಡೆ, ಬೂತಾಯಿಯಂತಹ ಮೀನು ಬಿಸಿಲಿನ ತಾಪದಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ, ತಿಂದವರಿಗೆ ಮೈ ಕೆಂಪೇರಿ ತುರಿಕೆ, ವಾಂತಿ ಬರಬಹುದು, ಆ ನಂಜು ತೊಳೆಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ಹೋಗುವುದಿಲ್ಲ. ನಾನು ಮೀನಿನಷ್ಟೇ ತೂಕದ ಐಸನ್ನು ಪೆಟ್ಟಿಗೆಯಲ್ಲಿಟ್ಟು, ಒಂದು ಸಲಕ್ಕೆ ಒಬ್ಬ ಗಿರಾಕಿಯ ಮೀನನ್ನು ಮಾತ್ರ ಹೊರತೆಗೆಯುತ್ತೇನೆ.

ಮಂಡಿಯ ನೋವಿಗೆ ಪರಿಹಾರ ಸಿಕ್ಕಿದ್ದು ಯಂತ್ರದಿಂದಲ್ಲ, ಆಚಾರಿಯವರಿಂದ. ಮೆಟ್ಟುಕತ್ತಿಯ ಹಲಗೆಯನ್ನು ಸಿಮೆಂಟಿನ ಕಟ್ಟೆಯ ಮೇಲಿಟ್ಟು, ಎರಡು ಕಬ್ಬಿಣದ ಪಟ್ಟಿ ಮತ್ತು ನಾಲ್ಕು ಬೋಲ್ಟುಗಳಿಂದ ಬಿಗಿಸಿಕೊಟ್ಟರು. ಮೆಟ್ಟುವ ಕೆಲಸ ಈಗ ಬೋಲ್ಟುಗಳದು, ನಾನು ನಿಂತು ಕೆಲಸ ಮಾಡುತ್ತೇನೆ. ಮೊದಲು ಕಟ್ಟೆ ಎತ್ತರವಾಗಿ ಹೆಗಲು ನೋಯತೊಡಗಿತು. ಕಾಲಡಿಗೆ ಮೂರು ಇಂಚಿನ ಹಲಗೆ ಹಾಕಿ, ಅಲಗಿನ ನಡುಭಾಗ ಮೊಣಕೈಗಿಂತ ತುಸು ಕೆಳಗೆ ಬರುವಂತೆ ಮಾಡಿಕೊಂಡ ಮೇಲೆ ಸರಿಹೋಯಿತು. ಹಿಡಿ ಒತ್ತುವ ಕೆಲಸವಿಲ್ಲದ್ದರಿಂದ ಬೆರಳಿನ ಜೋಮೂ ಬಹಳ ಇಳಿದಿದೆ. ಕೆಲಸ ಮುಗಿದೊಡನೆ ಅಲಗಿಗೆ ಸೀಳಿದ ಬಿದಿರಿನ ಒರೆ ತೊಡಿಸಿ ಹಗ್ಗ ಕಟ್ಟುತ್ತೇನೆ, ಏಕೆಂದರೆ ಈ ಎತ್ತರದಲ್ಲಿ ಅದು ಮಕ್ಕಳ ಮುಖಕ್ಕೆ ನೇರ ಬರುತ್ತದೆ.

ಹುರುಪೆಯ ಯಂತ್ರ ಕಟ್ಟೆಯ ಎಡಗಡೆ ಮೊಳೆಗೆ ತೂಗುತ್ತಿದೆ, ದೊಡ್ಡ ಮೀನು ಬಂದಾಗ ಕೈಗೆ ಬರುತ್ತದೆ. ವಿದ್ಯುತ್ ಚೂರಿಯನ್ನು ಕಳೆದ ವರ್ಷ ತಂಗಿಗೆ ಕೊಟ್ಟುಬಿಟ್ಟೆ. ಈಗ ಕೆಲಸ ಕಲಿಯಲು ಬರುವ ನೆರೆಮನೆಯ ಹುಡುಗಿಗೆ ಮೊದಲ ತಿಂಗಳು ಯಂತ್ರ ಮುಟ್ಟಲು ಬಿಟ್ಟಿಲ್ಲ. ದಿನವೂ ಅರ್ಧ ಕಿಲೋ ಬೂತಾಯಿ ಕೊಡುತ್ತೇನೆ, ತಲೆಯ ಜೊತೆ ಕರುಳು ತುಂಡಾಗದೆ ಎಷ್ಟು ಮೀನಿನಿಂದ ಬಂತು ಎಂದು ಅವಳೇ ಎಣಿಸಿ ಹೇಳುತ್ತಾಳೆ. ಜೂನ್ ಹತ್ತಿರ ಬರುತ್ತಿದೆ, ಕಾಟ್ಲಾ ಬರುವ ಮೊದಲು ಯಂತ್ರಕ್ಕೆ ಹೊಸ ಉರುಳೆಯೊಂದನ್ನು ತರಿಸಬೇಕು.