ಏಲಿಯನ್ ಗ್ರಹದ ಆಕಾಶ, ಗಿಡ ಕಲ್ಪಿಸ್ಕೊಳ್ಳೋದು ಹೇಗೆ: ಮೊದ್ಲು ಸೂರ್ಯ, ಬಣ್ಣ ಆಮೇಲೆ

ನವಿ ಮುಂಬೈಯ ನೆರೂಲ್‌ನಲ್ಲಿರೋ ನಮ್ಮಕ್ಕನ ಮಗಳು ಎಂಟನೇ ಕ್ಲಾಸು, ಏಲಿಯನ್ ಗ್ರಹದ ಕಥೆ ಬರೀತೀನಿ ಅಂತ ಕೂತು ಮೊದಲನೇ ಸಾಲಲ್ಲೇ ನೇರಳೆ ಆಕಾಶ, ಪಿಂಕ್ ಎಲೆ ಅಂತ ಹಾಕಿದ್ಲು. ಯಾಕೆ ಪಿಂಕು ಅಂದ್ರೆ "ಬೇರೆ ಗ್ರಹ ಅಲ್ವಾ ಮಾಮಾ". ದೊಡ್ಡವ್ರು ಬರ್ದ್ರೂ ಇದೇ ಕಥೆ ಬಿಡಿ. ಬಣ್ಣದಿಂದ ಶುರು ಮಾಡ್ಬೇಡಿ, ಸೂರ್ಯನಿಂದ ಶುರು ಮಾಡಿ, ಮಿಕ್ಕಿದ್ದು ಅದ್ರ ಹಿಂದೆನೇ ಬರುತ್ತೆ.

ನಾವು ತಗೊಂಡಿದ್ದು ಕೆಂಪು ಕುಬ್ಜ ನಕ್ಷತ್ರ, ಅಂದ್ರೆ ನಮ್ಮ ಸೂರ್ಯನಿಗಿಂತ ಚಿಕ್ಕದು, ಬಿಸಿನೂ ಕಮ್ಮಿ. ಯಾಕಂದ್ರೆ ಪಕ್ಕದಲ್ಲೇ ಒಂದಿದೆ, ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ, ಅದ್ರ ಸುತ್ತ ಒಂದು ಗ್ರಹ ತಿರುಗ್ತಿದೆ ಅಂತ 2016ರಲ್ಲಿ ಗೊತ್ತಾಯ್ತು, ಅಲ್ಲಿ ವರ್ಷ ಅಂದ್ರೆ ಬರೀ 11 ದಿನ ಚಿಲ್ಲರೆ, ಅಲ್ಲಿ ನಿಂತು ನೋಡಿದ್ರೆ ಸೂರ್ಯ ನಮ್ಮದ್ರ ಸುಮಾರು 3 ಪಟ್ಟು ಅಗಲ. ಆದ್ರೆ ಹೆಸ್ರಲ್ಲಿ ಕೆಂಪು ಇದೆ ಅಂತ ಎಲ್ಲಾ ಕಡೆ ರಕ್ತದ ಬಣ್ಣ ಬಳಿಬೇಡಿ. ಅದ್ರ ಮೈ ಬಿಸಿ 3000 ಕೆಲ್ವಿನ್ ಆಸುಪಾಸು, ಹಳೇ 60 ವಾಟ್ ಬಲ್ಬಿನ ತಂತಿನೂ ಹೆಚ್ಚುಕಮ್ಮಿ ಅಷ್ಟೇ ಕಾಯೋದು. ಅಂಥ ಬಲ್ಬ್ ಮನೇಲಿದ್ರೆ ರಾತ್ರಿ ಟ್ಯೂಬ್‌ಲೈಟ್ ಆರಿಸಿ ಅದನ್ನ ಹಾಕಿ, ತುಳಸಿ ಗಿಡ ನೋಡಿ. ಅದೇ ನಿಮ್ಮ ಗ್ರಹದ ಮಧ್ಯಾಹ್ನ.

ಆಕಾಶಕ್ಕೆ ಎರಡೇ ಪ್ರಶ್ನೆ, ಬೆಳಕಲ್ಲಿ ಏನಿದೆ, ಗಾಳಿಯಲ್ಲಿ ಏನಿದೆ. ಗಾಳಿ ನೀಲಿ ಬೆಳಕನ್ನ ಜಾಸ್ತಿ ಚದುರಿಸುತ್ತೆ, ಆದ್ರೆ ಈ ಸೂರ್ಯನ ಹತ್ರ ನೀಲಿನೇ ಕಮ್ಮಿ, ಸೋ ಆಕಾಶ ಬಿಳಿಚ್ಕೊಂಡಿರುತ್ತೆ. ಧೂಳು ಸೇರಿಸಿದ್ರೆ ಲೆಕ್ಕನೇ ಉಲ್ಟಾ, ಮಂಗಳದಲ್ಲಿ ಹಗಲು ಆಕಾಶ ಕಂದು-ಹಳದಿ, ಸೂರ್ಯ ಮುಳುಗೋವಾಗ ಅದ್ರ ಸುತ್ತ ನೀಲಿ.

ಈಗ ಮಜಾ ಇರೋ ಭಾಗ. ಇಷ್ಟು ಹತ್ರ ಸುತ್ತೋ ಗ್ರಹ ಒಂದೇ ಮುಖ ಸೂರ್ಯನ ಕಡೆ ಇಟ್ಕೊಂಡಿರೋ ಸಾಧ್ಯತೆ ಜಾಸ್ತಿ, ಚಂದ್ರ ನಮಗೆ ತೋರಿಸಲ್ವಾ ಹಾಗೆ. ಹಗಲು ರಾತ್ರಿ ಸೇರೋ ಅಂಚಲ್ಲಿ ಕಥೆ ಇಟ್ರೆ ಸೂರ್ಯ ದಿಗಂತದ ಹತ್ರ ಅಲ್ಲೇ ಕೂತಿರ್ತಾನೆ, ಏಳಲ್ಲ, ಮುಳುಗಲ್ಲ. ಎಲೆ ಹೊರಳಿಸೋ ಕೆಲ್ಸನೇ ಇಲ್ಲ, ಎಲ್ಲಾ ಎಲೆನೂ ಬಿಲ್ಡಿಂಗ್ ಮೇಲಿನ ಡಿಶ್ ಆಂಟೆನಾ ಥರ ಒಂದೇ ದಿಕ್ಕಿಗೆ. ಗುಡ್ಡದ ಹಿಂದೆ ನೇರ ಬಿಸಿಲು ಯಾವತ್ತೂ ಬೀಳಲ್ಲ, ಅಲ್ಲಿ ಪಾಚಿ ಹಿಡಿದ್ರೆ ಹೆಚ್ಚು. ಎಲೆ ಬಣ್ಣ? ನಮ್ಮ ಎಲೆ ಹಸಿರನ್ನ ಸ್ವಲ್ಪ ವಾಪಸ್ ಕಳ್ಸುತ್ತೆ, ಅದಕ್ಕೇ ಹಸಿರು ಕಾಣ್ಸೋದು, ಬೆಳಕು ಕಮ್ಮಿ ಇರೋ ಕಡೆ ಗಿಡಕ್ಕೆ ಅಷ್ಟು ಧಾರಾಳತನ ಕಟ್ಟೋದಿಲ್ಲ, ಬಂದಿದ್ದೆಲ್ಲಾ ನುಂಗಿ ಕಪ್ಪಗಾಗಬಹುದು ಅಂತ ವಿಜ್ಞಾನಿಗಳ ಊಹೆ. ಪಿಂಕಿಗಿಂತ ನನಗೆ ಇದೇ ಇಷ್ಟ. ಇಂಥ ನಕ್ಷತ್ರಗಳು ಆಗಾಗ ಇದ್ದಕ್ಕಿದ್ದಂಗೆ ಜ್ವಾಲೆ ಉಗುಳ್ತವೆ, ಆಗ ಕಾಡಿಗೆ ಕಾಡೇ ಮುಟ್ಟಿದರೆ ಮುನಿ ಥರ ಎಲೆ ಮಡಚ್ಕೊಳ್ಳೋ ಹಾಗೆ ಮಾಡಿ.

ಆಕಾರ ಹೊಳೀತಿಲ್ಲ ಅಂದ್ರೆ ವಾಶಿ ಖಾಡಿ ಬ್ರಿಡ್ಜ್ ಮೇಲೆ ಲೋಕಲ್ ಹೋಗೋವಾಗ ಮೊಬೈಲ್ ಒಳಗಿಟ್ಟು ಕೆಳಗೆ ನೋಡಿ, ಕಾಂಡ್ಲಾ ಗಿಡ, ಅದೇ ಮ್ಯಾಂಗ್ರೋವ್. ಕೆಸರಲ್ಲಿ ಗಾಳಿ ಇಲ್ಲ ಅಂತ ಬೇರನ್ನೇ ಪೆನ್ಸಿಲ್ ಥರ ಮೇಲಕ್ಕೆ ಎತ್ತಿ ಉಸಿರಾಡ್ತವೆ, ಕೆಲವು ಜಾತಿ ಎಲೆಯಿಂದನೇ ಉಪ್ಪು ಆಚೆ ಹಾಕ್ತವೆ. ನಿಮ್ಮ ಗಿಡದ ಒಂದೊಂದು ಅಂಗಕ್ಕೂ ಹೀಗೆ ಏನೋ ಒಂದು ಕಷ್ಟ ಕಾರಣ ಇರ್ಬೇಕು, ಚಂದಕ್ಕೆ ಅಂತ ಏನೂ ಅಂಟಿಸ್ಬೇಡಿ. ಮುಂಬೈಯ ಬೋರಿವಲಿ ನ್ಯಾಷನಲ್ ಪಾರ್ಕಲ್ಲಿ ಕಾರ್ವಿ ಅನ್ನೋ ಪೊದೆ ಗಿಡ 2016ರಲ್ಲಿ ಹೂಬಿಡ್ತಲ್ಲ, ಅದು ಏಳೆಂಟು ವರ್ಷಕ್ಕೊಮ್ಮೆ. ಮಳೆಗಾಲ ಚಳಿಗಾಲ ಏನೂ ಇಲ್ಲದ ಗ್ರಹದಲ್ಲಿ ಗಿಡ ಏನನ್ನ ನೋಡಿ ಎಣಿಸುತ್ತೆ? ಇದನ್ನ ಕೇಳಿದ್ಮೇಲೆ ಹುಡುಗಿ ಎರಡು ದಿನ ನಂಗೆ ಫೋನೇ ಮಾಡ್ಲಿಲ್ಲ.

ಮೂರನೇ ದಿನ ಮಾಡಿದ್ಲು, ಹೂವಿನ ಬಗ್ಗೆ ಅಲ್ಲ. ಸೂರ್ಯ ಒಂದೇ ಕಡೆ ಇದ್ರೆ ಆ ಕಡೆ ಬಾಲ್ಕನಿ ಇರೋರ ಬಟ್ಟೆ ಮಾತ್ರ ಒಣಗೋದು, ಹಿಂದಿನ ಫ್ಲ್ಯಾಟಿನವ್ರು ಏನ್ ಮಾಡ್ತಾರೆ ಮಾಮಾ ಅಂತ. ಈಗ ಕಥೆ ಶುರುವಾಗಿರೋದೇ ಅಲ್ಲಿಂದ, ಎರಡು ಮನೆ ನಡುವೆ ಹಗ್ಗದ ಜಗಳ.