ಮಗಳಿಗೆ ನಾನೇ ಫುರಿಸೋದೆ ಉಡಿಸಿದೆ

ಜಪಾನಿನಲ್ಲಿ ಜನವರಿಯ ಎರಡನೆಯ ಸೋಮವಾರ ಪ್ರಾಪ್ತವಯಸ್ಕರ ದಿನ. 2022ರ ಏಪ್ರಿಲ್‌ನಿಂದ ಕಾನೂನಿನ ಪ್ರಕಾರ ಹದಿನೆಂಟಕ್ಕೇ ಪ್ರಾಪ್ತವಯಸ್ಸು ಬರುತ್ತದೆಯಾದರೂ, ನಾವಿರುವ ಯೊಕೊಹಾಮಾದಲ್ಲಿ ಸಮಾರಂಭವನ್ನು ಇಪ್ಪತ್ತು ತುಂಬುವವರಿಗೇ ಉಳಿಸಿಕೊಂಡಿದ್ದಾರೆ. ನಗರದ ನಿವಾಸಿಯಾದ್ದರಿಂದ 2025ರಲ್ಲಿ ನನ್ನ ಮಗಳಿಗೂ ಆಮಂತ್ರಣ ಬಂತು. ಆ ದಿನ ಹೆಣ್ಣುಮಕ್ಕಳು ಉಡುವ ಉದ್ದ ತೋಳಿನ ಕಿಮೋನೋವೇ ಫುರಿಸೋದೆ. ಸಲೂನಿನಲ್ಲಿ ಉಡಿಸಿಕೊಳ್ಳುವುದು ವಾಡಿಕೆ. ನಾನು ಎರಡು ವರ್ಷದಿಂದ ಕಿತ್ಸುಕೆ, ಅಂದರೆ ಕಿಮೋನೋ ಉಡಿಸುವ ವಿದ್ಯೆ, ಕಲಿಯುತ್ತಿದ್ದುದರಿಂದ ನಾನೇ ಉಡಿಸುವೆನೆಂದು ಹಟ ಹಿಡಿದೆ.

ಸೀರೆ ಉಡಿಸಿ ಪಳಗಿದ ಕೈಗೆ ಮೊದಲು ತೊಡಕಾದದ್ದು ಸೊಂಟ. ಸೀರೆಯಲ್ಲಿ ಎದ್ದು ಕಾಣಬೇಕಾದ ಅದು ಇಲ್ಲಿ ಮರೆಯಾಗಬೇಕು. ಅದಕ್ಕಾಗಿ ತೆಳು ಟವೆಲುಗಳನ್ನು ಮಡಿಸಿ ಸುತ್ತಿ ಮೈಯನ್ನು ಕಂಬದಂತೆ ನೇರವಾಗಿಸಬೇಕು. ಎರಡನೆಯದು ಎಡಬಲ. ಉಡುವವರ ಎಡ ಸೆರಗು ಬಲದ ಮೇಲೆ ಬರಬೇಕು, ತಿರುವುಮುರುವಾಗಿ ಉಡಿಸುವುದು ಹೆಣಕ್ಕೆ ಮಾತ್ರ. ಎದುರು ನಿಂತು ಉಡಿಸುವಾಗ ಅವರ ಎಡ ನನ್ನ ಬಲಕ್ಕಿರುತ್ತದಲ್ಲ. ತರಗತಿಯಲ್ಲಿ ಒಮ್ಮೆ ತಪ್ಪಿ, ನನ್ನ ಗುರುಗಳ ಮುಖ ಬಿಳಿಚಿದ್ದನ್ನು ಕಂಡಿದ್ದೇನೆ. ಉಟ್ಟವರ ಬಲಗೈ ಎದೆಯ ಅಂಚಿನೊಳಗೆ ಸಲೀಸಾಗಿ ನುಸುಳಿದರೆ ಸರಿ ಎಂಬ ಗುರುತನ್ನು ಅವರು ಅಂದೇ ಹೇಳಿಕೊಟ್ಟರು.

ಆ ಬೆಳಗ್ಗೆ ನಾಲ್ಕಕ್ಕೇ ಎದ್ದೆವು. ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಯಾದ ಓಬಿ ಬಿಗಿದ ಮೇಲೆ ಬಗ್ಗಲಾಗದ ಕಾರಣ ತಾಬಿ ಎಂಬ ಕಾಲುಚೀಲವನ್ನು ಎಲ್ಲಕ್ಕಿಂತ ಮೊದಲೇ ಹಾಕಿಸಿದೆ. ಕಿಮೋನೋದ ಒಳಗೆ ಉಡುವ ನಿಲುವಂಗಿ ನಾಗಜುಬಾನಿನ ಕೊರಳಪಟ್ಟಿಯನ್ನು ಕತ್ತಿನ ಹಿಂದೆ ಒಂದು ಮುಷ್ಟಿಯಷ್ಟು ಜಗ್ಗಿ ಇಳಿಸಿದೆ. ಪೇಚಿಗೆ ಸಿಕ್ಕಿಸಿದ್ದು ಉದ್ದ: ನೆರೆಯವರು ಪ್ರೀತಿಯಿಂದ ಎರವಲು ಕೊಟ್ಟ ಫುರಿಸೋದೆ ಅವರ ಎತ್ತರಕ್ಕೆ ಹೊಲಿದದ್ದು, ನನ್ನ ಮಗಳೋ 170 ಸೆಂಟಿಮೀಟರ್. ಓಬಿಯ ಕೆಳಗೆ ಕಾಣಬೇಕಾದ ಒಹಾಶೋರಿ ಮಡಿಕೆಗೆ ಬಟ್ಟೆಯೇ ಉಳಿಯಲಿಲ್ಲ. ಕೊನೆಗೆ ಕೋಶಿಹಿಮೋ ದಾರವನ್ನು ಸೊಂಟದಿಂದ ಇಳಿಸಿ ಪೃಷ್ಠದ ಮೇಲ್ಭಾಗಕ್ಕೆ ಕಟ್ಟಿದಾಗ ಎರಡು ಬೆರಳಗಲದ ಮಡಿಕೆ ದಕ್ಕಿತು. ಈ ಒಂದು ದಾರವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಬಿಗಿಯಬೇಕು, ಏಕೆಂದರೆ ಕಿಮೋನೋದ ಭಾರವೆಲ್ಲ ಅದರ ಮೇಲೆ. ಎದೆಯ ಬಳಿಯ ದಾರವನ್ನು ಹಾಗೆ ಬಿಗಿದರೆ ಹುಡುಗಿಗೆ ತಲೆಸುತ್ತು ಬರುತ್ತದೆ.

ನಾಲ್ಕು ಮೀಟರಿಗೂ ಉದ್ದದ ಓಬಿಯನ್ನು ಎರಡು ಸುತ್ತು ಸುತ್ತಿ, ಬೆನ್ನಿಗೆ ಫುಕುರಾ ಸುಝುಮೆ, ಅಂದರೆ ಚಳಿಗೆ ಗರಿಯುಬ್ಬಿಸಿಕೊಂಡ ಗುಬ್ಬಿಯ ಗಂಟು ಹಾಕಿದೆ. ಎಡ ರೆಕ್ಕೆ ತುಸು ಜೋತಿತ್ತು. ಬಿಚ್ಚಿ ಮತ್ತೆ ಕಟ್ಟಲು ಹೊತ್ತಿರಲಿಲ್ಲ.

ಸಂಜೆ ಯೊಕೊಹಾಮಾ ಅರೀನಾದಿಂದ ಬಂದವಳು ಓಬಿ ಬಿಚ್ಚುತ್ತಲೇ ಅನ್ನ ಸಾರು ಕೇಳಿ, ಎರಡು ಸಲ ಬಡಿಸಿಕೊಂಡಳು. ಫುರಿಸೋದೆಯನ್ನು ರಾತ್ರಿಯೆಲ್ಲ ಗಾಳಿಗೆ ಹರವಿ, ಕೊರಳಪಟ್ಟಿಗೆ ಮೆತ್ತಿದ ಪೌಡರಿನ ಕಲೆ ತೆಗೆಸಲು ಮರುದಿನ ಕಿಮೋನೋ ಒಗೆಯುವವರ ಅಂಗಡಿಗೆ ಒಯ್ದೆ.