ಹೂವಿನ ಪರಿಹಾರ: ಮ್ಯಾಪಿಂಗ್ ಮೊದಲು, ಅರ್ಜಿ ಆಮೇಲೆ

2020ರ ಯುಗಾದಿಗೆ ಕಿತ್ತ ಚೆಂಡುಹೂವು, ಕನಕಾಂಬರ ಲಾಕ್‌ಡೌನಿನಿಂದ ತಿಪ್ಪೆ ಸೇರಿತ್ತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂ. ಘೋಷಿಸಿತು, ಒಂದು ಹೆಕ್ಟೇರ್ ಮಿತಿ. ಗುಂಟೆಗೆ 250 ರೂ. ಚಿಲ್ಲರೆ. ಅರ್ಧ ಎಕರೆಯವನಿಗೆ ಸಿಗುವ ಐದು ಸಾವಿರದಲ್ಲಿ ತಾಲ್ಲೂಕಿಗೆ ನಾಲ್ಕು ಸಲ ಅಲೆದರೆ ಉಳಿಯುವುದೆಷ್ಟು?

ಎಲ್ಲರೂ ಅರ್ಜಿ ಹಿಡಿದು ಸಾಲು ನಿಂತಾಗ ನಾನು ಹಿಡಿದದ್ದು ಆಧಾರ್ ಮ್ಯಾಪಿಂಗ್, ಅಂದರೆ ಒಬ್ಬರ ಆಧಾರ್ ನಂಬರಿಗೆ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ಜೋಡಣೆ. ‘ಕೊನೇ ದಿನ ಮೀರುತ್ತೆ, ಆಮೇಲೆ ಬಾಯಿ ಬಡ್ಕೋತೀಯ’ ಅಂದವರೇ ಹೆಚ್ಚು. ಬೆಳೆಗಾರರಿಗೆ ನಾನು ಮಾಡಿಕೊಟ್ಟ ನಲವತ್ತು ಅರ್ಜಿಗಳಲ್ಲಿ ಮೂವತ್ತಾರಕ್ಕೆ ಹಣ ಬಿತ್ತು.

ಪಾಸ್‌ಬುಕ್ಕಿನಲ್ಲಿ ‘ಆಧಾರ್ ಲಿಂಕ್’ ಮೊಹರು ಇದ್ದರೆ ಸಾಲದು. ಅದು ಬ್ಯಾಂಕಿನ ಒಳಗಿನ ಜೋಡಣೆ. ಸರ್ಕಾರ ನೇರ ಖಾತೆಗೆ ಹಾಕುವ ಡಿಬಿಟಿ ಹಣ ಹುಡುಕುವುದು, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಪಿಸಿಐಯ ಮ್ಯಾಪಿಂಗನ್ನು. ಬ್ಯಾಂಕ್ ಕೌಂಟರಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್’ ಅಂತಲೇ ಹೇಳಿ ಒಪ್ಪಿಗೆ ಫಾರಂ ಕೊಡಬೇಕು. ವಾರ ಬಿಟ್ಟು ಮೊಬೈಲಿನಲ್ಲಿ *99*99*1# ಒತ್ತಿ ಯಾವ ಬ್ಯಾಂಕ್ ಬರುತ್ತದೆ ನೋಡುತ್ತಿದ್ದೆ. ಕಿಸಾನ್ ಸಮ್ಮಾನ್ ಕಂತು ಬಂದಿದೆ, ಖಾತೆ ಸರಿಯಿದೆ ಅಂತ ನಂಬಿ ಮೊದಲಿಗೆ ಆರೇಳು ಅರ್ಜಿಗಳಲ್ಲಿ ಎಡವಿದೆ. ಆ ಕಂತು ಆಗ ಖಾತೆ ನಂಬರಿಗೇ ಬೀಳುತ್ತಿತ್ತು, ಮ್ಯಾಪಿಂಗ್ ಬೇಕಿರಲಿಲ್ಲ. ಗ್ಯಾಸ್ ಸಬ್ಸಿಡಿ ಕೊನೆಗೆ ಎಲ್ಲಿ ಬಿದ್ದಿದೆ ಅಂತಲೂ ನೋಡಿದೆ. ಸುಳಿವು ಒಳ್ಳೆಯದೇ, ಆದರೆ ಸಿಲಿಂಡರ್ ಹೆಚ್ಚಾಗಿ ಹೆಂಡತಿಯ ಹೆಸರಿನಲ್ಲಿ, ಪಹಣಿ ಗಂಡನ ಹೆಸರಿನಲ್ಲಿ.

ಆಮೇಲೆ ಫ್ರೂಟ್ಸ್ ಐಡಿ, ಅಂದರೆ ರಾಜ್ಯದ ರೈತ ನೋಂದಣಿ ಸಂಖ್ಯೆ (ಎಫ್‌ಐಡಿ). ನಂಬರ್ ಇದೆ ಅಂತ ಸುಮ್ಮನಾಗಬೇಡಿ, ಒಳಗೆ ಎಷ್ಟು ಸರ್ವೆ ನಂಬರ್ ಸೇರಿವೆ ನೋಡಿ. ಕಿಸಾನ್ ಸಮ್ಮಾನಿಗೆ ಅವಸರದಲ್ಲಿ ಮಾಡಿಸಿದ ಎಫ್‌ಐಡಿಯಲ್ಲಿ ರಾಗಿ ಹೊಲ ಮಾತ್ರ ಇರುತ್ತದೆ, ಹೂವಿನ ಹಿಸ್ಸಾ ಇರುವುದಿಲ್ಲ. ಪಹಣಿ, ಆಧಾರ್ ಕೊಟ್ಟು ಸೇರಿಸಿದರೆ ಎರಡು ಮೂರು ದಿನದ ಕೆಲಸ.

ಹೆಚ್ಚು ಕಾಡಿದ್ದು ಬೆಳೆ ಸಮೀಕ್ಷೆ. ಎಳೆ ಅಡಿಕೆ ಸಾಲಿನ ನಡುವೆ ಕನಕಾಂಬರ ಹಾಕಿದ್ದರೆ ದಾಖಲೆಯಲ್ಲಿ ಬರೀ ಅಡಿಕೆ. ಅಂಥವರಿಗೆ ಹೂವು ಮಾರಿದ ಮಂಡಿಯ ಪಟ್ಟಿಗಳನ್ನು, ಕಳೆದ ಮೂರು ತಿಂಗಳದ್ದನ್ನು, ತಾರೀಕಿನ ಪ್ರಕಾರ ಪಿನ್ ಹೊಡೆದು ಅರ್ಜಿಗೆ ಲಗತ್ತಿಸಿದೆ. ಗಿಡದ ಜೊತೆ ಬದುವಿನ ಕಲ್ಲೂ ಕಾಣುವಂತೆ ಫೋಟೊ. ಪಟ್ಟಿ ಇಟ್ಟವರ ಸ್ಥಳ ಪರಿಶೀಲನೆ ಬೇಗ ಆಯಿತು, ಬಾಯಿಮಾತು ಹೇಳಿದವರದು ಅಲ್ಲೇ ಕೂತಿತು. ಪರಿಶೀಲನೆಗೆ ಬರುವವರನ್ನು ಒಂದೇ ದಿನ ಹನ್ನೆರಡು ತಾಕು ಸುತ್ತಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕು.

ಪಹಣಿ, ಜೆರಾಕ್ಸ್, ಬಸ್ಸು ಎಲ್ಲ ಸೇರಿ ತಲೆಗೆ ನೂರೈವತ್ತು ದಾಟಲಿಲ್ಲ. ಹೊರಗೆ ಮಧ್ಯವರ್ತಿಗಳು ಐನೂರು ಕೇಳುತ್ತಿದ್ದರು.

ಹಣ ಸಿಗದ ನಾಲ್ಕು ಅರ್ಜಿಗಳ ಪೈಕಿ ಮೂರರಲ್ಲಿ ಪಹಣಿ ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿತ್ತು. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ಎಫ್‌ಐಡಿಗೆ ಆ ಜಮೀನು ಹತ್ತುವುದೇ ಇಲ್ಲ. ಇನ್ನೊಂದು ಜಂಟಿ ಖಾತೆಯ ಜಮೀನು: ಅಣ್ಣತಮ್ಮಂದಿರಲ್ಲಿ ಒಬ್ಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ.

2021ರಲ್ಲಿ ಮೊತ್ತ ಹೆಕ್ಟೇರಿಗೆ 10,000ಕ್ಕೆ ಇಳಿಯಿತು. ಕಡತ ಸಿದ್ಧವಿತ್ತು, ಆದರೂ ಐದಾರು ಜನ ‘ಹಣ ಬಂದಿಲ್ಲ’ ಅಂದರು. ಡಿಬಿಟಿ ಕರ್ನಾಟಕ ಆ್ಯಪ್ ತೆರೆದರೆ ಜಮಾ ಆಗಿದೆ ಅಂತಿತ್ತು. ನಡುವೆ ಒಡವೆ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟಿದ್ದರು. ಮ್ಯಾಪಿಂಗ್ ಅಲ್ಲಿಗೆ ಹೋಗಿ ಕೂತಿತ್ತು. ಆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಹಣ ಅಲ್ಲೇ ಇತ್ತು.